ಕಪ್ಪಿ ಗಾಡಿಗೆ ಐದನೇ ಗಾಲಿ

ಕಾಲುವೆ ಕೆಲಸದಲ್ಲಿ ಇರುವವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಕಚೇರಿಗೆ ಬಂದು, ಕುರ್ಚಿ ಎಳೆದುಕೊಂಡು ಎದುರಿಗೇ ಕೂಡುತ್ತದೆ. ನಾನು ಶಹಾಪುರದ ಕಡೆ ಒಂದು ಹಂಚಿಕೆ ಕಾಲುವೆಯ ಸೆಕ್ಷನ್ ಎಂಜಿನಿಯರಾಗಿ ಇದ್ದಷ್ಟು ವರ್ಷವೂ ಹೀಗೇ ಆಯಿತು. ಕೃಷ್ಣೆಯ ನೀರು ನಮ್ಮ ಕಪ್ಪು ಮಣ್ಣಿನ ಎರಿ ಹೊಲಗಳಿಗೆ ಬಂದು, ಜೋಳ ಬೆಳೆಯುತ್ತಿದ್ದ ಮಂದಿ ನೆಲ್ಲು ನಾಟಿ ಮಾಡುವುದನ್ನು ಕಲಿತು, ಅದರ ಜೊತೆಗೇ ನೀರಿನ ಜಗಳವನ್ನೂ ಕಲಿತ ಕಾಲ ಅದು. ಊರುಗಳಿಗೆ ಹೋದರೆ ಮಂದಿ ನನ್ನ ಬೆನ್ನ ಹಿಂದೆ ಇಣುಕಿ ನೋಡಿ, "ಸಾಹೇಬ್ರು ಬರ್ಲಿಲ್ಲೇನ್ರಿ?" ಎಂದು ನನ್ನನ್ನೇ ಕೇಳುತ್ತಿದ್ದರು. ಹೆಣ್ಣುಮಗಳೇ ಎಂಜಿನಿಯರು ಎಂಬುದು ಅವರಿಗೆ ರೂಢಿಯಾಗುವ ಹೊತ್ತಿಗೆ ನನಗೊಂದು ಗಾಡಿ ಬಂತು. ಆ ಗಾಡಿಗೆ ಒಂದು ಸ್ಟೆಪ್ನಿ ಹುಡುಕಲು ಹೋಗಿ ಪಟ್ಟ ಫಜೀತಿಗಳು ಇವು.

ಕಪ್ಪಿ ಬಂತು

ಕಾಲುವೆ ದುರಸ್ತಿ ಮುಗಿಸಿದ ಗುತ್ತಿಗೆದಾರ ಕರಾರಿನ ಪ್ರಕಾರ ನಮಗೊಂದು ತಪಾಸಣೆ ಗಾಡಿ ಕೊಡಬೇಕಿತ್ತು. ಜೀಪು ಬರುತ್ತದೆ ಎಂದು ನಾವು ಕಾದಿದ್ದೆವು. ಲಾರಿಯಿಂದ ಇಳಿದದ್ದು ಬೇರೆಯೇ. ಬಾಗಿಲಿಲ್ಲ, ಗಾಜಿಲ್ಲ. ಮಗ್ಗುಲಿಗೆ ಮಗ್ಗುಲು ಎರಡೇ ಸೀಟು, ತಲೆಯ ಮೇಲೆ ಬಾಗಿದ ಕಬ್ಬಿಣದ ಪೈಪು, ಹಿಂದೆ ಸಾಮಾನು ಇಡಲು ಒಂದು ಪುಟ್ಟ ತೊಟ್ಟಿ, ಕೆಳಗೆ ಉಬ್ಬಿದ ನಾಲ್ಕು ದಪ್ಪ ಗಾಲಿ. ಗುಡ್ಡ, ಕೆಸರು, ಮರಳು ಎಲ್ಲದರಲ್ಲೂ ಓಡುವ ಪರದೇಶದ ಗಾಡಿಯಂತೆ. ಹೈದರಾಬಾದಿನ ಹತ್ತಿರ ಯಾವುದೋ ರೆಸಾರ್ಟು ಮುಚ್ಚಿದಾಗ ಅವನಿಗೆ ಅಗ್ಗದಲ್ಲಿ ಸಿಕ್ಕಿತ್ತಂತೆ. ಜಿಗಿಯಲು ಕುಂತ ಕಪ್ಪೆಯಂಥ ಅದರ ಭಂಗಿ ನೋಡಿ ಮಂದಿ ಅವತ್ತೇ 'ಕಪ್ಪಿ ಗಾಡಿ' ಎಂದು ಹೆಸರಿಟ್ಟರು.

ನಮ್ಮ ಡ್ರೈವರ್ ಕಾಕಾ ನಿವೃತ್ತಿಯ ಅಂಚಿಗೆ ಬಂದ ಮನುಷ್ಯ, ಆಯುಷ್ಯವೆಲ್ಲ ಸರಕಾರಿ ಜೀಪು ಓಡಿಸಿದವರು. ಹೊಸ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬಾಗಿ ಕೆಳಗೆ ನೋಡಿದರು, ತೊಟ್ಟಿಯನ್ನು ಇಣುಕಿದರು. ಆಮೇಲೆ ಗುತ್ತಿಗೆದಾರನನ್ನು ಕೇಳಿದರು: "ಇದರ ಸ್ಟೆಪ್ನಿ ಎಲ್ಲದರಿ?"

"ಇದಕ್ಕ ಸ್ಟೆಪ್ನಿ ಬೇಕಾಗಂಗಿಲ್ಲ ಕಾಕಾ. ಪಂಕ್ಚರ್ ಆಗೂ ಟೈರ್ ಅಲ್ಲ ಇದು. ಅಮೇರಿಕಾದಾಗ ಕಲ್ಲಿನ ಗುಡ್ಡ ಹತ್ತತದ."

ಕಾಕಾ ಗದ್ದ ಕೆರೆದುಕೊಂಡರು. "ಅಮೇರಿಕಾದಾಗ ಜಾಲಿಗಿಡ ಅದಾವೇನ್ರಿ?"

ಗುತ್ತಿಗೆದಾರನಿಗೆ ತಿಳಿದಿರಲಿಲ್ಲ. ಜಾಲಿಗಿಡವೇ ಮರುದಿನ ಉತ್ತರ ಕೊಟ್ಟಿತು.

ಹೊಸ ನಮೂನೆಯ ಬಂಡಿ

ಮೊದಲು ಇದನ್ನು ಹೇಳಬೇಕು. ನಮ್ಮ ಕಾಲುವೆ ವಡಗೇರಾ ಕಡೆ ಹೊರಳಿ ಮುಗಿಯುವ ಜಾಗಕ್ಕೆ ಸರಕಾರದಿಂದ ಹಿಡಿದು ದನ ಕಾಯುವವರ ತನಕ ಎಲ್ಲರೂ 'ಟೇಲೆಂಡ್' ಎನ್ನುತ್ತಾರೆ. ಅಲ್ಲಿ ಕಟ್ಟಕಡೆಯ ಹೊಲ ಎಲ್ಲರೂ ಆಯಿ ಎಂದು ಕರೆಯುವ ಒಬ್ಬ ಮುದುಕಿಯದು. ಕಾಲುವೆಗೆ ನೀರು ಬಿಟ್ಟಾಗಲೆಲ್ಲ ಆಕೆಯ ಹೊಲಕ್ಕೆ ನೀರಿನ ಸುದ್ದಿ ಮಾತ್ರ ಬರುತ್ತಿತ್ತು. ಮೇಲಿನ ಊರಿನವರು ದಂಡೆಯ ಉದ್ದಕ್ಕೂ ಕರೆಂಟಿನ ಮೋಟಾರು ಇಳಿಸಿ ನಡುವೆಯೇ ಎಳೆದುಕೊಳ್ಳುತ್ತಿದ್ದರು. ಆ ಸಲ ಆಯಿಯ ನೆಲ್ಲು ಇನ್ನೇನು ಹೊಡೆ ಕಟ್ಟುವುದರಲ್ಲಿತ್ತು, ಅಂದರೆ ಎಲೆಯ ಒಳಗೆ ತೆನೆ ಮೂಡುವ ಹೊತ್ತು. ಹೊಡೆಯ ಹೊತ್ತಿಗೆ ನೀರು ಸಿಗದಿದ್ದರೆ ತೆನೆ ಬರುತ್ತದೆ, ಒಳಗೆ ಕಾಳು ಇರುವುದಿಲ್ಲ.

ನಾನು ವರದಿಯ ಮೇಲೆ ವರದಿ ಬರೆದೆ. ನಮ್ಮ ಸಾಹೇಬರು, ಅಂದರೆ ನನ್ನ ಮೇಲಿನ ದೊಡ್ಡ ಎಂಜಿನಿಯರು, ಎಲ್ಲದಕ್ಕೂ ಒಂದೇ ಮಾತು ಹೇಳುತ್ತಿದ್ದರು: "ನಾ ಕಣ್ಣಾರೆ ನೋಡಬೇಕ್ರಿ." ಅವರು ಬಂದು ಒಣ ಕಾಲುವೆ ನೋಡಿ ಹುಕುಂ ಕೊಟ್ಟರೆ ಮಾತ್ರ ಆ ಮೋಟಾರುಗಳು ಮೇಲೇಳುತ್ತವೆ. ನೋಡಬೇಕೆಂದರೆ ದಂಡೆಯ ಮೇಲೆಯೇ ಹೋಗಬೇಕು. ಎರಿ ಮಣ್ಣು ಅಲ್ಲಲ್ಲಿ ಜಾರಿ ಇಕ್ಕಟ್ಟಾದ ಆ ದಂಡೆಯ ಮೇಲೆ ಜೀಪು ಹೋಗುವುದಿಲ್ಲ. ಕಪ್ಪಿ ಹೋಗುತ್ತದೆ.

ಹೋಯಿತು ಕೂಡ. ನಾನು ಮತ್ತು ಕಾಕಾ ಮೊದಲ ಸವಾರಿ ಹೊರಟೆವು. ಆಯಿಯ ಹೊಲ ಕಣ್ಣಿಗೆ ಕಾಣುವಷ್ಟು ಹತ್ತಿರಕ್ಕೆ ಹೋಗಿ ಬುಸ್ ಎಂದು ಕೂತುಬಿಟ್ಟಿತು. ಕಾಕಾ ಟೈರಿನಿಂದ ಬೆರಳುದ್ದದ ಜಾಲಿ ಮುಳ್ಳು ಕಿತ್ತು, ಕರವಸ್ತ್ರದಲ್ಲಿ ಕಟ್ಟಿ ಜೇಬಿಗೆ ಇಟ್ಟುಕೊಂಡರು. "ಇದನ್ನ ಅಮೇರಿಕಾಕ್ಕ ಕಳಸೂಣ್ರಿ," ಎಂದರು.

ಆಯಿ ತನ್ನ ಎತ್ತುಗಳನ್ನು ಹೊಡೆದುಕೊಂಡು ಬಂದಳು. ಕಪ್ಪಿಗೆ ಹಗ್ಗ ಬಿಗಿದು, ಎತ್ತು ಹೂಡಿ, ಡಾಂಬರು ರಸ್ತೆಯ ತನಕ ಎಳೆಸಿಕೊಂಡು ಬಂದಳು. ಸ್ಟೇರಿಂಗ್ ಹಿಡಿದು ಕೂತವಳು ನಾನು. ರಸ್ತೆಯ ಮಗ್ಗುಲಿಗೆ ಬೀಡಿ ಸೇದುತ್ತ ನಿಂತಿದ್ದ ಒಬ್ಬ ಮುದುಕ ಎಲ್ಲವನ್ನೂ ಸಾವಕಾಶ ನೋಡಿ ಹೇಳಿದ: "ಟೈರ್ ಬಂಡಿಯೊಳಗ ಇದು ಹೊಸಾ ನಮೂನಿ ಏನ್ರಿ? ಎತ್ತಿಗಿ ಭಾಳ ಹಗುರ ಕಾಣ್ತದ. ಖರೇ ಸೀಟು ಇಷ್ಟು ಮೆತ್ತಗ ಮಾಡಬಾರದಿತ್ತು, ಹೊಡ್ಯಾವ ಮಲಗಿಬಿಡ್ತಾನ."

ಸುದ್ದಿ ನನಗಿಂತ ಮೊದಲೇ ಸಾಹೇಬರಿಗೆ ಮುಟ್ಟಿತ್ತು. "ಸ್ಟೆಪ್ನಿ ಬರೂ ತನಕ ನಾ ಆ ಗಾಡಿ ಹತ್ತಂಗಿಲ್ಲ ಮೇಡಂ," ಎಂದರು. "ಎತ್ತಿನ ಹಿಂದ ಬರೂ ವಯಸ್ಸಲ್ಲ ನಂದು."

ಅಂದರೆ ಲೆಕ್ಕ ಸರಳವಾಯಿತು. ಸ್ಟೆಪ್ನಿ ಸಿಕ್ಕರೆ ಸಾಹೇಬರು, ಸಾಹೇಬರು ಬಂದರೆ ನೀರು, ನೀರು ಬಂದರೆ ಆಯಿಯ ನೆಲ್ಲು.

ಅಳತೆಯ ರೊಟ್ಟಿ

ಯಾದಗಿರಿಯ ಒಬ್ಬ ಟೈರ್ ಅಂಗಡಿಯವನಿಗೆ ಗಾಲಿಯ ಫೋಟೋ ಕಳಿಸಿ ಫೋನ್ ಮಾಡಿದೆ.

"ಕಂಪನಿ ಗಾಲಿ ತರ್ಸಿದ್ರ ಅದು ಬರೂದ್ರಾಗ ನಿಮ್ಮ ಪಿಂಚಣಿ ಬರ್ತದ ಮೇಡಂ," ಎಂದ ಅವನು. "ಬ್ಯಾರೆ ಕಂಪನಿದು ಯಾವುದರ ಕೂಡೂದು ಹುಡುಕೂಣು. ಆದ್ರ ಫೋಟೋದಾಗ ಎಲ್ಲಾ ಗಾಲಿ ಒಂದೇ ಕಾಣ್ತಾವ. ಬೋಲ್ಟಿಂದು ನಾಪ್ ಕಳಸ್ರಿ."

ನಾಪು, ಅಂದರೆ ಅಳತೆ. ಗಾಲಿ ಕೂಡಬೇಕಾದರೆ ಬೋಲ್ಟುಗಳ ನಡುವಿನ ಅಂತರ ಕೂದಲಷ್ಟೂ ಆಚೀಚೆ ಆಗಬಾರದು. ಕಚೇರಿಯ ಅಂಗಳದಲ್ಲಿ ಗಾಲಿ ಬಿಚ್ಚಿಸಿ ನಾನೇ ಅಳೆಯಲು ಕುಂತೆ. ಬೋಲ್ಟುಗಳ ನಡುವೆ ಗುಬ್ಬಿ ಬೇರೆ, ಅಂದರೆ ಹೊರಗೆ ಉಬ್ಬಿದ ಅಚ್ಚಿನ ತುದಿ. ಟೇಪು ಒಂದು ಸಲ ತೋರಿಸಿದ್ದನ್ನು ಇನ್ನೊಂದು ಸಲ ತೋರಿಸುತ್ತಿರಲಿಲ್ಲ. ಕಾಗದ ಒತ್ತಿದರೆ ಹರಿಯಿತು. ಸಂತೆಯ ದಿನವಾದ್ದರಿಂದ ಆಯಿ ಬಂದು ಕಚೇರಿಯ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿಕೊಂಡು ಕುಂತಿದ್ದಳು. ನನ್ನ ಒದ್ದಾಟ ನೋಡಲಾರದೆ ಎದ್ದು ಬಂದಳು.

"ಸರಿ ಯವ್ವಾ ಅತ್ತಾಗ," ಎಂದು, ಬುತ್ತಿಯಿಂದ ಒಂದು ಮೆತ್ತನ್ನ ಜೋಳದ ರೊಟ್ಟಿ ತೆಗೆದು ಆ ನಾಲ್ಕು ಬೋಲ್ಟಿನ ಮೇಲೆ ಅಂಗೈಯಿಂದ ಒತ್ತಿದಳು. ಬೋಲ್ಟು ರೊಟ್ಟಿಯನ್ನು ತೂರಿ ಹೊರಗೆ ಬಂದವು. ಹುಷಾರಿಯಿಂದ ಬಿಡಿಸಿ ಎತ್ತಿ ಹಿಡಿದಳು. ನಾಲ್ಕು ತೂತು, ಚೊಕ್ಕಟ. "ಬಿಸಲಿಗಿ ಇಟ್ರ ಸಂಜಿಗಿ ಖಡಕ್ ಆಗ್ತದ. ಆರು ತಿಂಗಳಾದ್ರೂ ಕೆಡಂಗಿಲ್ಲ."

ನನ್ನೊಳಗಿನ ಎಂಜಿನಿಯರು ಸುಮ್ಮನಿರಲಿಲ್ಲ. "ಒಣಗಿದ್ರ ರೊಟ್ಟಿ ಕುಗ್ಗತದಲ್ಲ ಆಯಿ?" ಎಂದೆ.

"ನಿಮ್ಮ ಸಿಮೆಂಟ್ ಕುಗ್ಗಂಗಿಲ್ಲೇನು?" ಎಂದಳು ಆಯಿ. ನಮ್ಮ ಕಾಲುವೆಯ ಬಿರುಕುಗಳನ್ನು ದಿನಾ ನೋಡುವವಳು ಆಕೆ. ನಾನು ರೊಟ್ಟಿಯನ್ನು ಬಿಸಿಲಿಗೆ ಇಟ್ಟೆ.

ಮರುದಿನ ರೊಟ್ಟಿಯನ್ನು ಯಾದಗಿರಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸಿದೆ. ಆದರೆ ನಮ್ಮ ಕಡೆ ಬರೀ ರೊಟ್ಟಿ ಯಾರ ಮನೆಗೂ ಕಳಿಸುವ ಪದ್ಧತಿ ಇಲ್ಲ. ಆಯಿ ಅದನ್ನು ಬಟ್ಟೆಯಲ್ಲಿ ಕಟ್ಟುವಾಗ ಮರ್ಯಾದೆಗೆಂದು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇಟ್ಟಿದ್ದಳು, ಒಂದು ಉಳ್ಳಾಗಡ್ಡಿಯನ್ನೂ ಇಟ್ಟಿದ್ದಳು. ಕಂಡಕ್ಟರ್ ಅಂಗಡಿಯಲ್ಲಿ ಗಂಟು ಕೊಟ್ಟು, "ಮೇಡಂ ಕಳಸ್ಯಾರ" ಎಂದಷ್ಟೇ ಹೇಳಿ ಹೋದನಂತೆ.

ಸಂಜೆ ಫೋನ್ ಮಾಡಿದೆ. "ನಾಪ್ ಮುಟ್ಟೇನ್ರಿ?"

"ನಾಪ್ ಎಲ್ಲಿ ಬಂದದ ಮೇಡಂ? ರೊಟ್ಟಿ ಬಂತು, ತಿಂದ್ವಿ. ಭಾಳ ಛಲೋ ಇತ್ತು."

"ಅದರಾಗ ನಾಕು ತೂತು ಇದ್ದಿಲ್ಲೇನು?"

"ಇದ್ವು. ಇಲಿ ಕಡದಾವ ಅಂತ ಅಷ್ಟು ಮುರದು ನಾಯಿಗಿ ಹಾಕಿದ್ವಿ."

ಅದೇ ನಾಪು ಎಂದು ಹೇಳಿದೆ. ಅವನು ಗಂಭೀರವಾಗಿ ಹೇಳಿದ: "ಮೇಡಂ, ಇಷ್ಟು ವರ್ಷದಾಗ ಇಂಥಾ ರುಚಿ ನಾಪ್ ಯಾರೂ ಕಳಸಿದ್ದಿಲ್ಲ. ಇನ್ನೊಂದು ಕಳಸ್ರಿ. ಹಿಂಡಿ ಜರಾ ಜಾಸ್ತಿ ಇರ್ಲಿ."

ಸಾಲಾವಳಿ

ಇನ್ನು ಅಳತೆ ಕಳಿಸುವ ಸಹವಾಸವೇ ಬೇಡ ಎಂದು ಕಪ್ಪಿಯ ಒಂದು ಗಾಲಿಯನ್ನೇ ಬಿಚ್ಚಿ, ಗಾಡಿಯನ್ನು ಇಟ್ಟಂಗಿಯ ಮೇಲೆ ನಿಲ್ಲಿಸಿ, ನಾನು ಮತ್ತು ಕಾಕಾ ಬಸ್ಸು ಹತ್ತಿದೆವು. ಗಾಲಿ ಕಾಕಾನ ತೊಡೆಯ ಮೇಲೆ. ಕಂಡಕ್ಟರ್ ಅದಕ್ಕೆ ಅರ್ಧ ಟಿಕೆಟ್ ಹರಿದ.

ಅಂಗಡಿಯ ಬಾಗಿಲಲ್ಲಿ ಹಳೇ ಟೈರಿನ ಮೇಲೆ ಅಂಗಡಿಯವನ ಮಾವ ಕುಂತಿದ್ದ. ಟೈರಿನ ಸಹವಾಸಕ್ಕೆ ಬರುವ ಮೊದಲು ಊರೂರು ತಿರುಗಿ ಗಂಡು ಹೆಣ್ಣು ಕೂಡಿಸಿದ ಮನುಷ್ಯ. ಒಳಗೆ ಅಳಿಯ ಒಂದೊಂದೇ ಗಾಲಿ ತಂದು ನಮ್ಮ ಗಾಲಿಯ ಮೇಲೆ ಇಟ್ಟು ನೋಡುತ್ತಿದ್ದ. ಮೊದಲನೆಯದಕ್ಕೆ ಐದು ತೂತು. ಎರಡನೆಯದಕ್ಕೆ ನಾಲ್ಕು, ಆದರೆ ದೂರ ದೂರ. ಮೂರನೆಯದು ಇಟ್ಟಾಗ ನಾಲ್ಕೂ ಕೂಡಿದವು. ನನ್ನ ಜೀವ ಹೂವಾಯಿತು. ಆದರೆ ನಡುವಿನ ದೊಡ್ಡ ತೂತು ಒಂದೀಟು ಸಣ್ಣದು. ಗುಬ್ಬಿಯ ಮೇಲೆ ಇಳಿಯುವಂತಿರಲಿಲ್ಲ.

"ಸಾಲಾವಳಿ ಕೂಡಿತೇನು?" ಎಂದು ಬಾಗಿಲಿನಿಂದ ಮಾವ ಕೇಳಿದ. ಜಾತಕ ಕೂಡಿತೇ ಎಂದು ಕೇಳುವ ಅದೇ ಧಾಟಿ.

"ನಾಕು ಕೂಡ್ಯಾವ ಮಾವಾ. ನಡುವಿಂದು ಕೂಡವಲ್ದು."

"ನಾಕು ಕೂಡಿ ಒಂದು ಕೂಡವಲ್ದು ಅಂತ ಯಾರರ ಸಂಬಂಧ ಬಿಡ್ತಾರೇನು? ಬಡದು ಹಾಕು. ಹತ್ತು ಹರದಾರಿ ಓಡಿದ ಮ್ಯಾಲ ತಾನ ಹೊಂದ್ಕೋತದ."

ನಾನು ನಡುವೆ ಬಾಯಿ ಹಾಕಿದೆ. "ಹೊಂದ್ಕೊಳ್ಳಲಿಲ್ಲಂದ್ರ ಏನ್ ಮಾಡೂದ್ರಿ?"

ಮುದುಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಕೊರಳಿನ ತಾಳಿಯನ್ನೂ ನೋಡಿದ. "ಹೊಂದ್ಕೊಳ್ಳದ ಎಲ್ಲಿ ಹೋಗ್ತದವ್ವಾ? ನಿಮ್ಮ ಮನಿಯವ್ರು ಎಲ್ಲಿ ಹೋಗ್ಯಾರ?"

ಬರಿಗೈಯಲ್ಲಿ ಮನೆಗೆ ಬಂದು ನಮ್ಮವರಿಗೆ ಇದನ್ನೆಲ್ಲ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ತಟ್ಟೆಯಿಂದ ತಲೆ ಎತ್ತದೆ, "ಮುದುಕ ಅನುಭವಸ್ಥ ಅದಾನ," ಎಂದರು.

ಸ್ಟೆಪ್ನಿ ಕಾವಿಗೆ ಕುಂತದ್ದು

ಶಿರವಾಳದಲ್ಲಿ ಒಬ್ಬರ ಅಂಗಳದಲ್ಲಿ ಥೇಟ್ ಕಪ್ಪಿಯದೇ ಗಾಲಿ ಬಿದ್ದಿದೆ ಎಂದು ಕಾಕಾ ಸುದ್ದಿ ತಂದರು. ಜೀಪು ಹತ್ತಿ ಓಡಿದೆವು. ಹಳೇ ಗುಡಿಗಳ ಹಿಂದಿನ ಓಣಿಯಲ್ಲಿ ಮನೆ. ಬೇವಿನ ಗಿಡದ ನೆರಳಲ್ಲಿ ಗಾಲಿ ಅಂಗಾತ ಮಲಗಿತ್ತು. ಅದೇ ದಪ್ಪ, ಅದೇ ಹಲ್ಲು. ಒಳಗೆ ಹುಲ್ಲು ತುಂಬಿತ್ತು. ಹುಲ್ಲಿನ ಮೇಲೆ ಒಂದು ಕೆಂಪು ಕೋಳಿ ಗರಿ ಉಬ್ಬಿಸಿಕೊಂಡು ಕುಂತಿತ್ತು.

ಮನೆಯ ಯಜಮಾನಿ ಕಸಬರಿಗೆ ಕೆಳಗಿಟ್ಟು ಹೇಳಿದಳು: "ಗಾಲಿ ಒಯ್ರಿ, ಬ್ಯಾಡಂದವ್ರು ಯಾರು? ಖರೇ ಕೋಳಿ ಕಾವಿಗಿ ಕುಂತದ. ಮರಿ ಆಗೂ ತನಕ ಅಲ್ಲಾಡಿಸಂಗಿಲ್ಲ. ಇನ್ನೇನು, ಬುಧವಾರ ಬರ್ರಿ."

ಬೋಲ್ಟಿನ ತೂತಾದರೂ ನೋಡೋಣ ಎಂದು ಕಾಕಾ ಹುಲ್ಲು ಸರಿಸಲು ಹೋದರು. ಕೋಳಿ ಅವರ ಹೆಬ್ಬೆರಳನ್ನು ಕುಕ್ಕಿತು. ಆ ಹೆಬ್ಬೆರಳಿಗೆ ಅರಿಶಿಣ ಮೆತ್ತಿಸಿಕೊಂಡು ವಾಪಸು ಬಂದೆವು. ಆ ವಾರವಿಡೀ ಟೇಲೆಂಡಿನಿಂದ ಆಯಿಯ ಫೋನು: "ಯವ್ವಾ, ಕೋಳಿ ಏನಂತದ?" ಆಕೆಗೂ ಈಗ ಸರಕಾರದ ಮೇಲಿದ್ದ ಭರವಸೆ ಕೋಳಿಯ ಮೇಲೆ ಬಂದಿತ್ತು.

ನಡುವೆ ಸಾಹೇಬರೂ ಫೋನ್ ಮಾಡಿದರು. "ಸ್ಟೆಪ್ನಿ ಎಲ್ಲಿತನಕ ಬಂತ್ರಿ?"

"ಕಾವಿಗೆ ಕುಂತದ ಸರ್."

ಅವರು ಇಲಾಖೆಯಲ್ಲಿ ಅರ್ಥವಾಗದ ಮಾತು ಕೇಳಿ ರೂಢಿಯಾದ ಮನುಷ್ಯ. "ಆತು, ಎದ್ದ ಮ್ಯಾಲ ತಿಳಸ್ರಿ," ಎಂದು ಇಟ್ಟರು.

ಬುಧವಾರ ಹೋದೆವು. ಮರಿಗಳು ಅಂಗಳದ ತುಂಬ ಚಿಂವ್ ಚಿಂವ್ ಎಂದು ಓಡಾಡುತ್ತಿದ್ದವು. ಕಾಕಾ ಗಾಲಿಯನ್ನು ಎರಡೂ ಕೈಯಿಂದ ಎತ್ತಿದರು. ಹುಲ್ಲು ಸರ್ರನೆ ಕೆಳಗೆ ಸುರಿಯಿತು. ನಡುವೆ ಬೋಲ್ಟು ಕೂಡಿಸುವ ಕಬ್ಬಿಣದ ಡಿಸ್ಕೇ ಇಲ್ಲ. ಬರೀ ರಬ್ಬರಿನ ಬಳೆ. ಅದರೊಳಗಿಂದ ಕಾಕಾನ ಮುಖ ಕಾಣುತ್ತಿತ್ತು.

ಅದೇ ಹೊತ್ತಿಗೆ ಸಾಹೇಬರ ಫೋನು. ನಾನು ಅದನ್ನು ಕಾಕಾನ ಕೈಗೆ ಕೊಟ್ಟೆ. ಸಾಹೇಬರು "ಏನಾತು?" ಎಂದಿರಬೇಕು. ಕಾಕಾ ಮರಿಗಳ ಕಡೆ ಕಣ್ಣು ಹಾಯಿಸಿ ವರದಿ ಒಪ್ಪಿಸಿದರು: "ಎಲ್ಲಾ ಆರಾಮ ಅದಾವ್ರಿ ಸಾಹೇಬ್ರ. ಒಂದೇ ತತ್ತಿ ಕೆಟ್ಟದ."

ಗಾಲಿ ಕಡೆಯವಳು

ನನ್ನ ತವರು ಸುರಪುರ. ಅಲ್ಲಿ ನಮ್ಮ ಚಿಗವ್ವನ ಮಗಳ ಮದುವೆ. ಮನಸ್ಸಿಗೆ ಅಷ್ಟು ಹುಮ್ಮಸ್ಸಿಲ್ಲದಿದ್ದರೂ ರೇಷ್ಮೆ ಸೀರೆ ಉಟ್ಟು ಹೋದೆ. ಬ್ಯಾಂಡು ಬಾರಿಸುತ್ತ ಮೆರವಣಿಗೆ ಬಂತು. ಎಲ್ಲರೂ ಮದುಮಕ್ಕಳನ್ನು ನೋಡಿದರು. ನಾನು ನೋಡಿದ್ದು ಬ್ಯಾಂಡಿನ ಹಿಂದೆ ಲೈಟಿಗೆ ಕರೆಂಟು ಕೊಡುತ್ತ ಬರುತ್ತಿದ್ದ ಜನರೇಟರ್ ಟ್ರಾಲಿಯನ್ನು. ಅದಕ್ಕೆ ಕಪ್ಪಿಯ ಗಾಲಿಗಳು. ನಾಲ್ಕು ಕೆಳಗೆ, ಒಂದು ಹಿಂದೆ ನೇತುಹಾಕಿದ ಸ್ಟೆಪ್ನಿ. ಎಲ್ಲಕ್ಕೂ ಗುಲಾಬಿ ಬಣ್ಣ ಬಳಿದು ಬಂಗಾರದ ಹೂವು ಬರೆಸಿದ್ದರು.

ನಾನು ಸೀರೆ ಮೇಲಕ್ಕೆತ್ತಿ ಆ ಸ್ಟೆಪ್ನಿಯ ಮುಂದೆ ಕುಕ್ಕರಗಾಲಲ್ಲಿ ಕುಂತೆ. ಬ್ಯಾಂಡಿನ ಮಾಲೀಕ ಓಡಿ ಬಂದ. "ಯಾರ ಕಡಿಯವರ್ರಿ ನೀವು? ಗಂಡಿನ ಕಡಿ ಏನ್, ಹೆಣ್ಣಿನ ಕಡಿ?"

"ಗಾಲಿ ಕಡಿಯಾಕಿ," ಎಂದೆ.

ಅವನೂ ಅದೇ ಮುಚ್ಚಿದ ರೆಸಾರ್ಟಿನ ಗುಜರಿಯಲ್ಲಿ ಗಾಲಿ ಕೊಂಡವನಂತೆ. ನಮ್ಮ ಕಪ್ಪಿಯ ಒಡಹುಟ್ಟಿದವು ಎರಡು ಅಲ್ಲಿ ಮುರಿದು ಬಿದ್ದಿದ್ದವಂತೆ. ನನಗೆ ಆಗಲೇ ಮುಕ್ಕಾಲು ಖಾತ್ರಿ. ಆದರೂ ನಾಪು ಬೇಕಲ್ಲ. ಊಟದ ಪೆಂಡಾಲಿಗೆ ಹೋಗಿ ಮೆತ್ತನ್ನ ರೊಟ್ಟಿ ಒಂದು ತಂದೆ. ಈ ಸಲ ಬೋಲ್ಟಿನ ಬದಲು ಡಿಸ್ಕಿನ ತೂತುಗಳ ಮೇಲೆ ಒತ್ತಿ, ಬೆರಳಿನಿಂದ ಗುರುತು ಮಾಡಿ, ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೆ. ಬಾಗಿಲಲ್ಲಿ ಚಿಗವ್ವ ಕೈ ಹಿಡಿದು ನಿಲ್ಲಿಸಿದಳು. ಸೆರಗು ಸರಿಸಿ ರೊಟ್ಟಿ ನೋಡಿದಳು. ಅಕ್ಕಪಕ್ಕ ಯಾರಿಲ್ಲವೆಂದು ಖಾತ್ರಿ ಮಾಡಿಕೊಂಡು ಕಿವಿಯಲ್ಲಿ ಕೇಳಿದಳು: "ಯವ್ವಾ, ಸರಕಾರಿ ಪಗಾರ ಸಾಲವಲ್ದೇನು?"

ರೊಟ್ಟಿ ಕಪ್ಪಿಗೆ ಕೂಡಿತು. ನಾಲ್ಕೂ ಕೂಡಿದವು, ನಡುವಿನದೂ ಕೂಡಿತು. ನನಗೆ ಕುಣಿಯಬೇಕೆನಿಸಿತು. ಬ್ಯಾಂಡಿನವನು ತನ್ನ ಸ್ಟೆಪ್ನಿಯನ್ನು ಕೈಗಡ ಕೊಡಲು ಒಪ್ಪಿದ. ಒಂದೇ ಷರತ್ತು: "ಮುಹೂರ್ತ ಇದ್ದ ದಿನ ಗಾಲಿ ನನ್ನ ಹತ್ರ ಇರಬೇಕ್ರಿ. ಉಳಿದ ದಿನ ಸರಕಾರ ಇಟ್ಕೊಳ್ಳಿ."

ಸಾಹೇಬರಿಗೆ ಸ್ಟೆಪ್ನಿ ಬಂತೆಂದು ತಿಳಿಸಿದೆ. ಅವರು ಖುಷಿಯಿಂದ ಬರುವ ತಾರೀಖು ಹೇಳಿದರು. ಕಾಕಾ ಗೋಡೆಯ ಪಂಚಾಂಗದ ಮುಂದೆ ನಿಂತು ಬೆರಳಿಟ್ಟು ಹುಡುಕಿ ತಲೆ ಅಲ್ಲಾಡಿಸಿದರು. "ಅವತ್ತು ಮುಹೂರ್ತ ಅದ್ರಿ ಮೇಡಂ. ಸಾಹೇಬ್ರಿಗಿ ಅಮಾಸಿಗಿ ಬರ್ರಿ ಅನ್ರಿ. ಅವತ್ತು ಗಾಲಿ ಖಾಲಿ ಇರ್ತದ."

ಮದುವೆಯ ನೀರು

ಸಾಹೇಬರು ಅಮಾವಾಸ್ಯೆಗೆ ಒಪ್ಪಲಿಲ್ಲ, ತಾರೀಖು ಬದಲಿಸಲಿಲ್ಲ. ಆಯಿಯ ನೆಲ್ಲಿಗೂ ಅಮಾವಾಸ್ಯೆಯ ತನಕ ತಾಳುವ ಶಕ್ತಿ ಇರಲಿಲ್ಲ. ಹೊಡೆ ಒಳಗೆ ಕಟ್ಟಿತ್ತು, ಎಲೆಯ ತುದಿ ಸುರುಳಿ ಸುತ್ತುತ್ತಿತ್ತು.

ತಪಾಸಣೆಯ ಹಿಂದಿನ ದಿನ ಮುಂಜಾನೆ ಬ್ಯಾಂಡಿನವನ ಫೋನು ಬಂತು. ಅವತ್ತಿನ ಮದುವೆ ನಮ್ಮ ಕಾಲುವೆಯ ಮೇಲಿನ ಊರಲ್ಲೇ. ಎರಡು ದಿನದ ದೊಡ್ಡ ಮದುವೆ. ಟ್ರಾಲಿ ಊರ ಹೊರಗೆ ಜಾಲಿ ಮುಳ್ಳು ತುಳಿದು ಕೂತಿದೆ. "ಗಾಲಿ ಕೊಡ್ರಿ ಮೇಡಂ. ಜನರೇಟರ್ ಇಲ್ಲದ ಬ್ಯಾಂಡ್ ಹೆಂಗ ನಡಸ್ಲಿ?"

ಮಾತು ಕೊಟ್ಟಿದ್ದೆ. ಕೊಡಲೇಬೇಕು. ಸಾಹೇಬರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವರು ಒಂದೇ ಉಸಿರಿನಲ್ಲಿ ಹೇಳಿದರು: "ಆ ಗಾಲಿ ಅಲ್ಲಿಂದ ಅಲ್ಲಾಡಿತಂದ್ರ ನಾ ಬರಂಗಿಲ್ಲ. ನನ್ನ ಹೆಸರು ಹೇಳ್ರಿ ಅವಂಗ."

ಒಂದು ಕಡೆ ಕೊಟ್ಟ ಮಾತು, ಇನ್ನೊಂದು ಕಡೆ ಆಯಿಯ ಹೊಡೆ ಕಟ್ಟಿದ ನೆಲ್ಲು. ಬ್ಯಾಂಡಿನವನಿಗೆ ಕೈ ಮುಗಿದು ಸಾಹೇಬರ ಮಾತು ಹೇಳಿದೆ. ಅವನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಆತು ಬಿಡ್ರಿ, ಸಾಹೇಬ್ರು ದೊಡ್ಡವ್ರು. ಏನರ ಮಾಡ್ಕೋತೀನಿ," ಎಂದ.

ಮರುದಿನ ಬೆಳಿಗ್ಗೆ ಕಪ್ಪಿ ಹೊರಟಿತು. ನಾನು ಓಡಿಸುತ್ತಿದ್ದೆ, ಮಗ್ಗುಲಲ್ಲಿ ಸಾಹೇಬರು, ಹಿಂದಿನ ತೊಟ್ಟಿಯಲ್ಲಿ ಗುಲಾಬಿ ಸ್ಟೆಪ್ನಿ, ಅದರ ಮೇಲೆ ಕಾಕಾ. ಸಾಹೇಬರು ಪ್ರತಿ ಹೊರಳಿಗೂ ಹಿಂದೆ ತಿರುಗಿ, "ಅದ ಏನ್ರಿ?" ಎಂದು ಕೇಳುವರು. "ಅದ್ರಿ ಸಾಹೇಬ್ರ. ಮ್ಯಾಲ ನಾನೂ ಅದೀನಿ," ಎಂದು ಕಾಕಾ ಭರವಸೆ ಕೊಡುವರು.

ಮೇಲಿನ ಊರು ದಾಟುವಾಗ ಮದುವೆಯ ಹಾಡು ಕಿವಿ ಹರಿಯುವಂತೆ ಕೇಳುತ್ತಿತ್ತು. ಹಗಲಲ್ಲೇ ಲೈಟು ಉರಿಯುತ್ತಿದ್ದವು. ಬ್ಯಾಂಡಿನವನು ಸೊಟ್ಟಗೆ ನಿಂತ ಟ್ರಾಲಿಯ ಪಕ್ಕದಲ್ಲಿದ್ದ, ನಮ್ಮ ಕಡೆ ನೋಡಲಿಲ್ಲ. ನಾನೂ ಮುಖ ಆ ಕಡೆ ಮಾಡಲಿಲ್ಲ. ಸಾಹೇಬರ ಮುಂದೆ ಹೇಳಬೇಕಾದ ಮಾತುಗಳನ್ನು ಒಳಗೊಳಗೇ ಜೋಡಿಸುತ್ತಿದ್ದೆ. ಟೇಲೆಂಡ್ ಹತ್ತಿರವಾಯಿತು, ದನಿ ಏರಿಸಿ ಶುರು ಮಾಡಿದೆ: "ನೋಡ್ರಿ ಸರ್, ಇಲ್ಲಿಂದ ಮುಂದ ಕಾಲುವಿ ಪೂರಾ ಒಣ..."

ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಚೂರುಪಾರು ಅಲ್ಲ, ಮುಕ್ಕಾಲು ಕಾಲುವೆ. ಆಯಿಯ ಹೊಲ ಕನ್ನಡಿಯಾಗಿತ್ತು. ಆಯಿ ಸೀರೆ ಕಚ್ಚೆ ಕಟ್ಟಿ, ಮೊಣಕಾಲ ತನಕ ಕೆಸರಲ್ಲಿ ನಿಂತು ಒಡ್ಡು ಸರಿಮಾಡುತ್ತಿದ್ದಳು.

ಸಾಹೇಬರು ಇಳಿದರು. ನೀರು ನೋಡಿದರು, ನನ್ನನ್ನು ನೋಡಿದರು, ಮತ್ತೆ ನೀರು ನೋಡಿದರು. "ಮೇಡಂ, ಇದನ್ನ ತೋರ್ಸಾಕ ಇಷ್ಟು ದಿನ ಸ್ಟೆಪ್ನಿ ಹುಡುಕಿದ್ರೇನು?"

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೆ ಖರೇ ಹೇಳುತ್ತೇನೆ, ಸಂತೋಷವೂ ಆಗುತ್ತಿತ್ತು. ನನ್ನ ಮರ್ಯಾದೆ ಹೋದರೂ ಆಯಿಯ ನೆಲ್ಲು ಉಳಿದಿತ್ತು.

ಆಯಿ ಕೆಸರಿನ ಕೈಯಲ್ಲೇ ಬಂದು ಸಾಹೇಬರಿಗೆ ಕೈ ಮುಗಿದಳು. "ನಿನ್ನ ಹೊಟ್ಟಿ ತಣ್ಣಗಿರ್ಲಿ ಅಪ್ಪಾ. ನೀ ಇದ್ದಿ ಅಂತ ನೀರು ಕಂಡೆ."

"ನಾ ಏನ್ ಮಾಡಿದ್ನವ್ವಾ?" ಎಂದರು ಸಾಹೇಬರು.

"ನೀ ಗಾಲಿ ಕೊಡ್ಲಿಲ್ಲಂತಲ್ಲ."

ಸಾಹೇಬರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಆಯಿ ಬಿಡಿಸಿ ಹೇಳಿದಳು. ಆಕೆಯ ನಾದಿನಿ ಅದೇ ಮದುವೆಯಿಂದ ಬೆಳಿಗ್ಗೆ ಬಂದಿದ್ದಳಂತೆ. ಟ್ರಾಲಿ ಕೂತು ಜನರೇಟರ್ ಬರಲಿಲ್ಲವೆಂದು ಮದುವೆಯ ಲೈಟು, ಹಾಡು, ಅಡುಗೆಯವರ ಯಂತ್ರ ಎಲ್ಲವನ್ನೂ ಊರಿನ ಟ್ರಾನ್ಸ್‌ಫಾರ್ಮರಿಗೇ ಹಾಕಿದ್ದರು. ಅದರ ಮೇಲೆ ಮೋಟಾರುಗಳೂ ನಡೆದರೆ ಟ್ರಾನ್ಸ್‌ಫಾರ್ಮರ್ ಸುಟ್ಟು ಮದುವೆ ಕತ್ತಲಾಗುತ್ತದೆ. ಅದಕ್ಕೆ ಹಿರಿಯರು ಮನೆಮನೆಗೆ ಹೇಳಿ ಕಳಿಸಿದ್ದರು: ಮದುವೆ ಮುಗಿಯುವ ತನಕ ಯಾರೂ ಮೋಟಾರ್ ಚಾಲೂ ಮಾಡಕೂಡದು.

"ನಿನ್ನಿ ಮುಂಜಾನಿಯಿಂದ ಒಂದು ಮೋಟಾರ್ ನಡದಿಲ್ಲ," ಎಂದಳು ಆಯಿ. "ನೀರಿಗಿ ಬ್ಯಾರೆ ಹಾದಿ ಇದ್ದಿಲ್ಲ. ನನ್ನ ಹೊಲಕ್ಕ ಬಂತು."

ಸಾಹೇಬರು ನಗಲು ಶುರು ಮಾಡಿದರು. ಕಪ್ಪಿಯ ಪೈಪು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಕಾಕಾ ಸ್ಟೆಪ್ನಿಯ ಮೇಲಿಂದ ಜಾರಿ ಬೀಳುವಂತೆ ನಕ್ಕರು. ಒಣ ಕಾಲುವೆ ತೋರಿಸಿದ್ದರೆ ಸಾಹೇಬರು ಹತ್ತು ಕಾರಣ ಕೇಳುತ್ತಿದ್ದರು. ತುಂಬಿದ ಕಾಲುವೆ ಮೋಟಾರು ಎಂಬ ಒಂದೇ ಕಾರಣ ಹೇಳಿಬಿಟ್ಟಿತ್ತು. "ಹೋಗ್ತಾ ಪ್ರತಿಯೊಂದು ಮೋಟಾರಿನ ಹತ್ರ ನಿಲ್ಲಸ್ರಿ ಮೇಡಂ," ಎಂದರು. "ಎಲ್ಲಾ ಎತ್ತಿಸೂ ಹುಕುಂ ಇವತ್ತೇ ಹೊರಡಸ್ತೀನಿ."

ನಾನು ಆಯಿಯ ಕಡೆ ನೋಡಿದೆ, ಕೇಳಿದಿರಾ ಎನ್ನುವಂತೆ. ಆಕೆ ಎಷ್ಟೋ ಹುಕುಂಗಳನ್ನು ಕಂಡವಳು. ನನ್ನ ಕೈ ಹಿಡಿದು ಬದುವಿನ ಆಚೆ ಕರೆದುಕೊಂಡು ಹೋಗಿ, ದನಿ ತಗ್ಗಿಸಿ ಕೇಳಿದಳು: "ಹುಕುಂ ಆಮ್ಯಾಲ ನೋಡೂಣು ಯವ್ವಾ. ಮುಂದಿನ ಪಾಳಿ ನೀರಿಗಿ ಮ್ಯಾಲಿನ ಊರಾಗ ಯಾರದರ ಮದುವಿ ಅದ ಏನು?"

"ನನಗ ಗೊತ್ತಿಲ್ಲ ಆಯಿ."

ಆಕೆ ತುಂಬಿದ ಹೊಲದ ಕಡೆ ನೋಡುತ್ತ ಬೆರಳು ಮಡಚಿ ದಿನ ಎಣಿಸಿದಳು.

"ನನ್ನ ತಮ್ಮನ ಮಗ ಒಬ್ಬಾವ ಅದಾನ. ಲಗ್ನ ಅಂದ್ರ ಒಲ್ಲೆ ಅಂತಾನ. ನಾ ಒಪ್ಪಸ್ತಿನಿ, ನೀ ಆ ಊರಾಗ ಒಂದು ಹೆಣ್ಣ ನೋಡು. ಕಾಳು ಗಟ್ಟಿ ಆಗೂ ತನಕ ಮದುವಿ ನಡಸೂಣು."